ಹಕ್ಕಿಯ ಹಿಂದೆ ಏನಿದೆ?

ಯಾರಾದರೂ ವಾಟ್ಸಾಪಿನಲ್ಲಿ ಸೂರಕ್ಕಿಯ ಫೋಟೊ ಕಳಿಸಿದರೆ ನಾನು ಮೊದಲು ನೋಡೋದು ಹಕ್ಕಿಯನ್ನಲ್ಲ, ಅದರ ಹಿಂದೆ ಇರೋದನ್ನ. ಬಹಳಷ್ಟು ಸಲ ಅಲ್ಲಿ ಏನೂ ಇರಲ್ಲ. ನುಣ್ಣಗೆ ಬಳಿದ ಹಸಿರು, ಅದರ ಮುಂದೆ ಒಂದು ಕಡ್ಡಿ, ಕಡ್ಡಿಯ ಮೇಲೆ ಹಕ್ಕಿ. ಪಾಸ್‌ಪೋರ್ಟ್ ಫೋಟೊ ತೆಗೆಯುವ ಸ್ಟುಡಿಯೋದಲ್ಲಿ ಬೆನ್ನ ಹಿಂದೆ ಬಟ್ಟೆ ಇಳಿಬಿಡ್ತಾರಲ್ಲ, ಹಾಗೆ. ಹಕ್ಕಿ ಚಂದ, ಗರಿಗರಿಯೂ ಎಣಿಸೋ ಹಾಗಿದೆ. ಆದರೆ ಅದು ಬಂಡೀಪುರದ್ದೋ ಬಿಳೇಕಹಳ್ಳಿಯದ್ದೋ ಅಂತ ಕೇಳಿದರೆ ತೆಗೆದವರೇ ಫೈಲಿನ ತಾರೀಖು ನೋಡಿ ಹೇಳಬೇಕು.

ಬಿಳೇಕಹಳ್ಳಿಯಲ್ಲಿ ಗಾರ್ಡನ್ ಅಂದರೆ ಏನು ಅಂತ ಮೊದಲು ಒಪ್ಪಿಕೊಂಡುಬಿಡೋಣ. ಬನ್ನೇರುಘಟ್ಟ ರಸ್ತೆಯ ಆಚೆ ಐಐಎಂ ಕ್ಯಾಂಪಸ್ಸಿನೊಳಗೆ ಇರೋದು ನಿಜವಾದ ತೋಟ. ಈಚೆ ನಮ್ಮ ಕಡೆ ಮೂವತ್ತು-ನಲವತ್ತರ ಸೈಟು, ಅದರ ಮೇಲೆ ನಾಲ್ಕು ಮಹಡಿ, ಬಾಲ್ಕನಿಯಲ್ಲಿ ಆರು ಕುಂಡ, ಗೇಟಿನ ಪಕ್ಕ ಒಂದು ದಾಸವಾಳ ಅಥವಾ ನಂದಿಬಟ್ಟಲು, ಹಿಂದಿನ ಮನೆಯ ನುಗ್ಗೆಮರ. ಇಷ್ಟೇ. ಇಷ್ಟರಲ್ಲೇ ಸೂರಕ್ಕಿ, ಪಿಕಳಾರ, ದರ್ಜಿ ಹಕ್ಕಿ, ಮಡಿವಾಳ ಹಕ್ಕಿ, ಕುಟ್ರ, ಗೊರವಂಕ, ಕೋಗಿಲೆ ಎಲ್ಲವೂ ಸಂಸಾರ ಮಾಡ್ತವೆ. ಅವುಗಳ ಹಿಂದೆ ಸಿಂಟೆಕ್ಸ್ ಟ್ಯಾಂಕು, ಪಿಜಿಯ ಟೆರೇಸಿನಲ್ಲಿ ಒಣಗಿಸಿದ ಜೀನ್ಸು, ಕಂಬದಿಂದ ಕಂಬಕ್ಕೆ ಗಂಟುಗಂಟಾಗಿ ಜೋತ ಕೇಬಲ್ಲು. ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ಇದನ್ನೆಲ್ಲ ನೋಡಿ ಅಳು ಬರುತ್ತೆ. ಲಾಲ್‌ಬಾಗಿಗೆ ಹೋಗ್ತೀನಿ, ಕಬಿನಿಗೆ ಹೋಗ್ತೀನಿ ಅಂತಾರೆ. ಹೋಗಲಿ, ಬೇಡ ಅನ್ನಲ್ಲ. ಆದರೆ ಆಫೀಸಿಗೆ ಲಾಗಿನ್ ಆಗೋ ಮುಂಚಿನ ಇಪ್ಪತ್ತು ನಿಮಿಷದಲ್ಲಿ ಕೈಗೆ ಸಿಗೋದು ಬಾಲ್ಕನಿಯೇ. ಹಾಗಾಗಿ ಈ ಸಲ ಬ್ಯಾಕ್‌ಗ್ರೌಂಡಿನ ಮಾತು.

ಮೊದಲು ಸ್ವಲ್ಪ ಲೆಕ್ಕ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ.

ಹಿಂದಿನ ಗೋಡೆ ಎಷ್ಟು ಮಸುಕಾಗುತ್ತೆ ಅನ್ನೋದನ್ನು ತೀರ್ಮಾನಿಸೋದು ಎರಡು ಸಂಗತಿ: ಲೆನ್ಸಿನ ಬಾಯಿ ಎಷ್ಟು ಅಗಲ, ಹಕ್ಕಿಯಿಂದ ಗೋಡೆ ಎಷ್ಟು ದೂರ. 400 ಎಂಎಂ ಲೆನ್ಸನ್ನು ಎಫ್ 5.6ರಲ್ಲಿ ಇಟ್ಟರೆ ಬಾಯಿಯ ಅಗಲ ಸುಮಾರು 71 ಮಿಲಿಮೀಟರ್. ಈ 71ನ್ನು ಹಕ್ಕಿಯಿಂದ ಗೋಡೆಗಿರುವ ದೂರದಿಂದ ಗುಣಿಸಿ, ಕ್ಯಾಮೆರಾದಿಂದ ಗೋಡೆಗಿರುವ ದೂರದಿಂದ ಭಾಗಿಸಿ. ಹಿಂದಿನ ಒಂದು ಚುಕ್ಕಿ ಹಕ್ಕಿಯ ಪಕ್ಕದಲ್ಲಿ ಎಷ್ಟು ದೊಡ್ಡ ಮಸುಕು ಬಿಲ್ಲೆಯಾಗಿ ಕಾಣುತ್ತೆ ಅನ್ನೋದು ಸಿಗುತ್ತೆ. ಹಕ್ಕಿ ನಿಮ್ಮಿಂದ 5 ಮೀಟರ್ ದೂರದಲ್ಲಿದೆ, ಗೋಡೆ ಅದರ ಹಿಂದೆ 1 ಮೀಟರ್ ಅಂದುಕೊಳ್ಳಿ. ಉತ್ತರ 12 ಮಿಲಿಮೀಟರ್. ಸೂರಕ್ಕಿಯ ಉದ್ದವೇ ಹತ್ತು ಸೆಂಟಿಮೀಟರ್ ಆಸುಪಾಸು. ಅದರ ಪಕ್ಕ 12 ಮಿಲಿಮೀಟರಿನ ಮಸುಕು ಯಾವ ಮೂಲೆಗೂ ಸಾಲದು. ಗೋಡೆಯ ಬಿರುಕು, ಬಣ್ಣದ ಹೊಪ್ಪಳ ಎಲ್ಲ ಅರೆಬರೆ ಕಂಡು ಕಿರಿಕಿರಿ ಮಾಡುತ್ತೆ. ಗೋಡೆ 3 ಮೀಟರ್ ಹಿಂದಿದ್ದರೆ 27. ಅದೇ 40 ಮೀಟರ್ ಹಿಂದೆ ಒಂದು ಮರ ಇದ್ದರೆ 63, ಅಂದರೆ ಸೂರಕ್ಕಿಯ ಅರ್ಧಕ್ಕಿಂತ ದೊಡ್ಡದು. ಎಲೆ ಎಲೆಯಾಗಿ ಉಳಿಯಲ್ಲ, ಬಣ್ಣವಾಗಿ ಕರಗಿಹೋಗುತ್ತೆ. ಇನ್ನೂ ಹಿಂದೆ ಹೋದರೂ 71ರ ಗಡಿ ದಾಟಲ್ಲ. ಹಾಗಾಗಿ 40 ಮೀಟರಿನ ಆಚೆ ಏನಿದ್ದರೂ ಹೆಚ್ಚುಕಮ್ಮಿ ಒಂದೇ.

ನಲವತ್ತು ಮೀಟರ್ ಖಾಲಿ ಜಾಗ ನಮ್ಮ ಲೇಔಟಿನಲ್ಲಿ ಎಲ್ಲಿಂದ ಬರಬೇಕು? ರಸ್ತೆಯಿಂದ. ಎದುರುಮನೆ ಮೂವತ್ತಡಿ ಆಚೆ ಇದೆ, ಪಕ್ಕದ ಮನೆ ಕೈಚಾಚಿದರೆ ಸಿಗುತ್ತೆ. ಆದರೆ ಬಾಲ್ಕನಿಯ ಮೂಲೆಗೆ ಹೋಗಿ ರಸ್ತೆಯ ಉದ್ದಕ್ಕೆ ಓರೆಯಾಗಿ ನೋಡಿದರೆ ಕೊನೆಯ ತಿರುವಿನ ಮಳೆಮರದವರೆಗೂ ತೆರವು. ಕುಂಡಗಳನ್ನ ಆ ಮೂಲೆಗೆ ಸಾಗಿಸಿ. ಹಕ್ಕಿ ಅದೇ, ಲೆನ್ಸ್ ಅದೇ, ಹಿಂದೆ ಮಾತ್ರ ಬೇರೆ ಊರು.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಪ್ರೀತಿಯದ್ದು. ಹಕ್ಕಿ 5 ಮೀಟರಿನಲ್ಲಿ, ಹಿನ್ನೆಲೆ ಅದರ ಹಿಂದೆ 40 ಮೀಟರಿನಲ್ಲಿ ಇದ್ದಾಗ ನೀವು ಒಂದಡಿ ಪಕ್ಕಕ್ಕೆ ಸರಿದರೆ, ಹಕ್ಕಿಯ ಹಿಂದಿನ ಚಿತ್ರ ಸುಮಾರು 27 ಸೆಂಟಿಮೀಟರ್ ಸರಿಯುತ್ತೆ. ಹೆಚ್ಚುಕಮ್ಮಿ ಮೂರು ಸೂರಕ್ಕಿಯಷ್ಟು! ತಲೆಯ ಹಿಂದೆ ಕೊಂಬಿನ ಹಾಗೆ ಚುಚ್ಚಿಕೊಂಡಿದ್ದ ಲೈಟುಕಂಬ ಮಾಯ. ಸಾವಿರಾರು ರೂಪಾಯಿಯ ಲೆನ್ಸಿಗೆ ಆಸೆಪಡೋ ಮುಂಚೆ ಈ ಒಂದಡಿಯನ್ನು ಖರ್ಚು ಮಾಡಿ ನೋಡಿ. ಹಕ್ಕಿ ನಿಂತ ತಕ್ಷಣ ಕ್ಲಿಕ್ ಮಾಡೋದು, ಆಮೇಲೆ ಅರ್ಧ ಹೆಜ್ಜೆ ಸರಿದು ಇನ್ನೊಂದು. ಹಾರಿಹೋದರೂ ಮೊದಲನೆಯದು ಕೈಲಿರುತ್ತೆ.

ಫೋನಿನವರು ಈ ಲೆಕ್ಕದಲ್ಲಿ ಸೋಲ್ತಾರೆ. ಫೋನಿನ ಮುಖ್ಯ ಕ್ಯಾಮೆರಾದ ಬಾಯಿ ಹೆಚ್ಚೆಂದರೆ ನಾಲ್ಕೈದು ಮಿಲಿಮೀಟರ್. ಹಿಂದೆ ಏನಿದ್ದರೂ ಎದ್ದು ಕಾಣುತ್ತೆ. ಪೋರ್ಟ್ರೇಟ್ ಮೋಡಿನ ಮಸುಕು ಲೆನ್ಸಿನದ್ದಲ್ಲ, ಪ್ರೋಗ್ರಾಮಿನದ್ದು. ಮನುಷ್ಯರ ಮುಖಕ್ಕೆ ಪಳಗಿದ ಪ್ರೋಗ್ರಾಮು ಪಿಕಳಾರದ ಜುಟ್ಟನ್ನೂ ಕಾಲನ್ನೂ ಹಿನ್ನೆಲೆ ಅಂದುಕೊಂಡು ಸವರಿಹಾಕುತ್ತೆ. ಅದರ ಬದಲು ಸೋಲನ್ನೇ ಬಳಸಿಕೊಳ್ಳಿ. ಕುಂಡದ ಕೆಳಗಿಡೋ ಮಣ್ಣಿನ ತಟ್ಟೆಯಲ್ಲಿ ಒಂದಿಂಚು ನೀರಿಟ್ಟು, ಒಂದೂವರೆ ಅಡಿ ದೂರದಲ್ಲಿ ಫೋನನ್ನು ವೀಡಿಯೊ ಹಚ್ಚಿ ನಿಲ್ಲಿಸಿ, ನೀವು ಒಳಗೆ ಹೋಗಿ ಕಾಫಿ ಕುಡೀರಿ. ಒಂದೆರಡು ದಿನ ಅನುಮಾನಪಟ್ಟು ಆಮೇಲೆ ಪಿಕಳಾರ ಬಂದು ಸ್ನಾನ ಮಾಡುತ್ತೆ. ಮುಂದೆ ಹಕ್ಕಿ, ಹಿಂದೆ ಇಡೀ ಬೀದಿ, ತರಕಾರಿ ಗಾಡಿ, ಸ್ಕೂಲ್ ವ್ಯಾನು, ಎಲ್ಲ ಒಂದೇ ಚಿತ್ರದಲ್ಲಿ. ಐದು ಕೆಜಿ ಲೆನ್ಸಿನವರು ಇದನ್ನು ತೆಗೆಯಲಾರರು. (ನೀರನ್ನು ದಿನಾ ಬದಲಾಯಿಸಿ. ಡೆಂಗಿ ಸೊಳ್ಳೆಗೂ ಆ ತಟ್ಟೆ ಇಷ್ಟ. ಮರದ ನೆರಳು ಬೀಳುವ ದೊಡ್ಡ ಗಾಜಿನ ಎದುರು ಇಡಬೇಡಿ; ಗಾಜಿನೊಳಗೂ ಮರವಿದೆ ಅಂದುಕೊಂಡು ಹಕ್ಕಿ ಹೋಗಿ ಬಡಿಯುತ್ತೆ.)

ಬೆಳಕಿನ ವಿಚಾರದಲ್ಲಿ ಅಪಾರ್ಟ್‌ಮೆಂಟಿನ ಕಾಟವೇ ವರ. ಬೆಳಿಗ್ಗೆ ಏಳೂವರೆಗೆ ನಮ್ಮ ದಾಸವಾಳದ ತುದಿಗೆ ಬಿಸಿಲು ಬಿದ್ದಿರುತ್ತೆ, ಹಿಂದಿನ ಕಟ್ಟಡದ ಪಶ್ಚಿಮದ ಗೋಡೆ ಇನ್ನೂ ನೆರಳಲ್ಲಿ. ಆಗ ಗೋಡೆ ಗೋಡೆಯಲ್ಲ, ಕಪ್ಪು ವೆಲ್ವೆಟ್ಟು. ಕ್ಯಾಮೆರಾ ಅಷ್ಟು ಕಪ್ಪನ್ನು ನೋಡಿ ಗಾಬರಿಬಿದ್ದು ಚಿತ್ರವನ್ನು ಬೆಳಗಿಸೋಕೆ ಹೋಗುತ್ತೆ, ಸೂರಕ್ಕಿಯ ಹಳದಿ ಹೊಟ್ಟೆ ಸುಣ್ಣ ಬಳಿದ ಹಾಗಾಗುತ್ತೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ. ಫೋನಿನಲ್ಲಾದರೆ ಹಕ್ಕಿಯ ಮೇಲೆ ಬೆರಳಿಟ್ಟು ಸೂರ್ಯನ ಗುರುತನ್ನು ಕೆಳಗೆ ಎಳೀರಿ. ಆಷಾಢದ ಬಿಳಿ ಆಕಾಶದ ಎದುರು ಕೂತ ಹಕ್ಕಿಗೆ ಇದರ ತದ್ವಿರುದ್ಧ, ಒಂದು ಸ್ಟಾಪ್ ಏರಿಸಿ.

ಇನ್ನು ಬಣ್ಣ. ನಮಗೆ ಸಿಗೋ ಹಿನ್ನೆಲೆಯ ಬಣ್ಣಗಳನ್ನು ಯಾರೋ ಮುಂಚೆಯೇ ಯೋಚಿಸಿ ಇಟ್ಟುಹೋಗಿದ್ದಾರೆ ಅನ್ನಿಸುತ್ತೆ ನನಗೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್, ವರ್ಷವಿಡೀ ಊರಿನ ಯಾವುದಾದರೂ ಒಂದು ಮರ ಹೂವಲ್ಲಿರಬೇಕು ಅಂತ ಸರದಿಯ ಪ್ರಕಾರ ಹೂಬಿಡೋ ಮರಗಳನ್ನು ಆರಿಸಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಅವರ ತಂಡ ಲಕ್ಷಾಂತರ ಸಸಿ ನೆಟ್ಟು ಬಡಾವಣೆಗಳಿಗೆ ನೆರಳು ತಂದಿತು. ಅದರ ಫಲ ಇವತ್ತಿನ ನಮ್ಮ ಫ್ರೇಮಿನಲ್ಲಿದೆ. ಚಳಿಗಾಲದಲ್ಲಿ ಟಬೂಬಿಯಾದ ಗುಲಾಬಿ, ಮಾರ್ಚಿನಲ್ಲಿ ಜಕರಂದದ ನೇರಳೆ, ಯುಗಾದಿಯ ಹೊತ್ತಿಗೆ ಹೊಂಗೆಯ ಎಳೆಹಸಿರು, ಮೇನಲ್ಲಿ ಗುಲ್‌ಮೊಹರಿನ ಕೆಂಪು. ಹೊಂಗೆ ಚಿಗುರಿನ ಮುಂದೆ ಗೊರವಂಕದ ಕಂದುಬಣ್ಣ ಎಷ್ಟು ಚಂದ ಕಾಣುತ್ತೆ ಅಂದರೆ, ಅಷ್ಟು ಮಾಮೂಲಿ ಹಕ್ಕಿ ಅಂತ ಅನ್ನಿಸೋದೇ ಇಲ್ಲ. ಜಾಗ ಹುಡುಕೋ ಬದಲು ತಿಂಗಳು ಕಾಯಿರಿ.

ಇಷ್ಟೆಲ್ಲ ಹೇಳಿದ್ದು ಹಿನ್ನೆಲೆಯನ್ನು ಮಸುಕು ಮಾಡೋದಕ್ಕೆ. ಆದರೆ ಯಾವಾಗಲೂ ಮಸುಕು ಮಾಡಬೇಕಾ?

ಸ್ವಚ್ಛ ಹಿನ್ನೆಲೆಯ ವ್ಯಾಮೋಹ ಇನ್‌ಸ್ಟಾಗ್ರಾಮಿನಿಂದ ಬಂದದ್ದಲ್ಲ, ಅದಕ್ಕೆ ನಮ್ಮೂರಲ್ಲೇ ಗೌರವದ ಪರಂಪರೆಯಿದೆ. ಟಿ.ಎನ್.ಎ. ಪೆರುಮಾಳ್ (1932–2017) ಬೆಂಗಳೂರಿನಲ್ಲಿದ್ದುಕೊಂಡೇ ಲೋಕಕ್ಕೆ ಗೊತ್ತಾದವರು, ಹಲವು ಕಿರಿಯರನ್ನು ತಯಾರು ಮಾಡಿದವರು. 1971ರಿಂದ ನಡೆದುಬಂದಿರುವ ಇಲ್ಲಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಕೂಟಗಳಲ್ಲಿ ಚಿತ್ರದ ಮೂಲೆಮೂಲೆಯನ್ನೂ ತೂಗಿ ನೋಡುವ ಶಿಸ್ತು ಇದೆ. ಸಂಡೂರಿನ ಎಂ.ವೈ. ಘೋರ್ಪಡೆಯವರು, ರಾಜ್ಯದ ಹಣಕಾಸು ಸಚಿವರೂ ಆಗಿದ್ದವರು, ಕಾಡಿನ ಚಿತ್ರಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಸನ್‌ಲೈಟ್ ಅಂಡ್ ಶಾಡೋಸ್’. ಕಪ್ಪು-ಬಿಳುಪಿನಲ್ಲಿ ಹಕ್ಕಿಯ ಕೆಂಪು, ಎಲೆಯ ಹಸಿರು ಎರಡೂ ಒಂದೇ ಬೂದಿಯಾಗಿಬಿಡಬಹುದು. ಹಿನ್ನೆಲೆಯಿಂದ ಪ್ರಾಣಿಯನ್ನು ಬಿಡಿಸಿ ತೋರಿಸೋಕೆ ಬೆಳಕು ಬಿಟ್ಟರೆ ಬೇರೆ ಗತಿಯಿಲ್ಲ. ಒಂದು ರೋಲಿಗೆ 36 ಚಿತ್ರ ಅನ್ನೋ ಕಾಲದಲ್ಲಿ ಅವರೆಲ್ಲ ಕಾದದ್ದು ಆ ಬೆಳಕಿಗೆ. ಅವರ ಖಾಲಿತನ ಗಳಿಸಿದ್ದು. ನಮ್ಮದು ಬಹುಪಾಲು ಒತ್ತಿದ್ದು.

ಸ್ಪರ್ಧೆಗಳ ನಿಯಮವನ್ನೂ ನೋಡಿ, ಬಲು ಮಜವಾಗಿದೆ. ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್, ಅಮೆರಿಕದ ಪಿಎಸ್‌ಎ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮೂರೂ ಸೇರಿ ನೇಚರ್ ಫೋಟೊ ಅಂದರೆ ಏನು ಅನ್ನೋದಕ್ಕೆ ಒಂದು ವ್ಯಾಖ್ಯೆ ಮಾಡಿಕೊಂಡವು. ಅದು 2015ರಿಂದ ಜಾರಿಗೆ ಬಂತು. ಅದರ ಪ್ರಕಾರ ಮನುಷ್ಯ ಮಾಡಿದ ವಸ್ತು ಚಿತ್ರದಲ್ಲಿ ಇರಬಾರದು. ಬೆಳೆಸಿದ ಗಿಡ, ಹೈಬ್ರಿಡ್ ಹೂವನ್ನೇ ವಸ್ತುವಾಗಿಸಿದ ಚಿತ್ರಗಳಿಗೂ ಜಾಗವಿಲ್ಲ. ಅಂದರೆ ನಮ್ಮ ಬೀದಿಯ ಅರ್ಧ ಹೂವು ಅಲ್ಲಿ ಅನರ್ಹ! ಹಾಗಂತ ತಂತಿಯನ್ನು ಸಾಫ್ಟ್‌ವೇರಿನಲ್ಲಿ ಅಳಿಸಿ ಕಳಿಸೋ ಹಾಗೂ ಇಲ್ಲ. ಕ್ರಾಪ್ ಮಾಡಬಹುದು, ಚಿತ್ರದೊಳಗಿನ ಏನನ್ನೂ ತೆಗೆಯೋದು, ಸೇರಿಸೋದು, ಜರುಗಿಸೋದು ಮಾಡಬಾರದು. ಆದರೆ ಅದೇ ನಿಯಮದಲ್ಲಿ ಒಂದು ಬಾಗಿಲು ತೆರೆದಿದೆ. ಮನುಷ್ಯ ಬದಲಾಯಿಸಿದ ಪರಿಸರಕ್ಕೆ ಒಗ್ಗಿಕೊಂಡ ಜೀವಿಯ ಕಥೆಗೆ ಆ ವಸ್ತು ಅವಿಭಾಜ್ಯವಾಗಿದ್ದರೆ ಇರಬಹುದು. ಅವರು ಕೊಡೋ ಉದಾಹರಣೆ ಕಣಜದ ಗೂಬೆ, ಕೊಕ್ಕರೆ. ನಮ್ಮ ಉದಾಹರಣೆ ಬೇಕಾದರೆ ಕೇಬಲ್ಲಿನ ಮೇಲೆ ಕೂತ ಕಾಜಾಣ. ಅದು ತಂತಿಯ ಮೇಲೆ ಸುಮ್ಮನೆ ಕೂತಿಲ್ಲ, ಅಲ್ಲಿಂದ ಹಾರಿ ಹುಳ ಹಿಡಿದು ಮತ್ತೆ ಅಲ್ಲಿಗೇ ಬರುತ್ತೆ. ತಂತಿ ಅದರ ಬೇಟೆಯ ಅಟ್ಟಣೆ. ಆ ತಂತಿಯನ್ನು ಒಂದು ಬಟನ್ನಿನಿಂದ ಅಳಿಸಿದರೆ ಉಳಿಯೋ ಚಿತ್ರದಲ್ಲಿ ಕಾಜಾಣ ಏನು ಮಾಡ್ತಿದೆ ಅಂತ ಹೇಳಿ?

ಈ ಅಳಿಸೋ ಬಟನ್ನಿನಂಥ ಕೋಡ್ ಬರೆಯೋ ಜಾತಿಗೇ ಸೇರಿದವನು ನಾನು, ಹಾಗಾಗಿ ಹೇಳ್ತೀನಿ. ಅದು ಹಿಂದೆ ನಿಜವಾಗಿ ಏನಿತ್ತು ಅಂತ ಹುಡುಕಿ ತರಲ್ಲ. ಏನಿದ್ದಿರಬಹುದು ಅಂತ ಊಹಿಸಿ ತುಂಬುತ್ತೆ. ಅದು ಕಲಿತದ್ದು ಲಕ್ಷಾಂತರ ಚಂದದ ಫೋಟೊ ನೋಡಿ. ಹೀಗಾಗಿ ನಮ್ಮ ನುಗ್ಗೆಮರದ ಜಾಗದಲ್ಲಿ ಅದು ಎಲ್ಲಿಯದೋ ಹಸಿರು ಬಳಿಯುತ್ತೆ. ಹಕ್ಕಿ ಬಿಳೇಕಹಳ್ಳಿಯದು, ಬೆನ್ನ ಹಿಂದಿನ ಕಾಡು ಯಾವ ದೇಶದ್ದೂ ಅಲ್ಲ.

ಕಾಡಲ್ಲೂ ಈಗ ಸ್ಟುಡಿಯೋ ಬಂದಿದೆ ಅನ್ನೋದು ನಿಜ. ದಾಂಡೇಲಿ ಹತ್ತಿರದ ಗಣೇಶಗುಡಿಯ ಓಲ್ಡ್ ಮ್ಯಾಗಜಿನ್ ಹೌಸಿನಲ್ಲಿ ಹಕ್ಕಿಗಳಿಗೆ ಸ್ನಾನದ ತೊಟ್ಟಿ ಇಟ್ಟಿದ್ದಾರೆ, ಫೋಟೊಗ್ರಾಫರುಗಳು ಎದುರಿಗೆ ಸಾಲಾಗಿ ಕೂರ್ತಾರೆ. ಬೇಸಗೆಯಲ್ಲಿ ಹಕ್ಕಿಗೂ ನೀರು, ನಮಗೂ ಫೋಟೊ, ಅದರಲ್ಲಿ ತಕರಾರಿಲ್ಲ. ಆದರೆ ಒಂದೇ ಪಾಚಿಕಟ್ಟಿದ ಕೊಂಬೆ ನನ್ನ ಫೀಡಿನಲ್ಲಿ ಬೇರೆಬೇರೆಯವರ ಹೆಸರಲ್ಲಿ ಬಂದು ಬಂದು, ಆ ಕೊಂಬೆ ಈಗ ನಮ್ಮ ನೆಂಟನಂತಾಗಿದೆ.

ಹಿನ್ನೆಲೆಯ ಆಸೆ ನಿಜವಾಗಿ ಪ್ರಾಣಕ್ಕೆ ಬರೋದು ಗೂಡಿನ ಹತ್ತಿರ.

ಸೂರಕ್ಕಿಯ ಗೂಡನ್ನು ನೋಡಿದ್ದೀರಾ? ಒಂದು ತುಂಡು ತಂತಿಗೋ ಬಳ್ಳಿಯ ತುದಿಗೋ ಜೋತುಬಿದ್ದ ಕಸದ ಉಂಡೆಯಂತೆ ಇರುತ್ತೆ. ಜೇಡರ ಬಲೆ, ನಾರು, ತೊಗಟೆಯ ಚೂರು, ಹುಳದ ಹಿಕ್ಕೆ. ಮನೆಯ ಬಾಗಿಲ ಹತ್ತಿರವೇ ಕಟ್ಟುತ್ತೆ, ಆದರೂ ಎಷ್ಟೋ ದಿನ ಯಾರಿಗೂ ಗೊತ್ತಾಗಲ್ಲ. ಸುತ್ತ ಒಣಬಳ್ಳಿ, ದಾರ, ಧೂಳು ಇರೋದರಿಂದಲೇ ಅದು ಕಸದಂತೆ ಕಾಣೋದು. ಅಂದರೆ ನಾವು ಯಾವುದನ್ನು ಗಲೀಜು ಬ್ಯಾಕ್‌ಗ್ರೌಂಡು ಅಂತ ಬೈತೀವೋ ಅದೇ ಅದರ ಬಾಗಿಲು, ಚಿಲಕ, ಬೀಗ.

ನಮ್ಮ ಕಟ್ಟಡದ ಮೊದಲ ಮಹಡಿಯ ಕಾರಿಡಾರಿನ ಮಲ್ಲಿಗೆ ಬಳ್ಳಿಯಲ್ಲಿ ಒಂದು ವರ್ಷ ಇಂಥ ಗೂಡು ಕಟ್ಟಿತ್ತು. ಕ್ಯಾಮೆರಾ ಇರುವ ಒಬ್ಬ ನಿವಾಸಿಗೆ ಗೂಡಿನ ಮುಂದೆ ಎರಡು ಕೊಂಬೆ, ಹಿಂದೆ ಒಂದು ಒಣಗೊಂಚಲು ಅಡ್ಡ ಬರ್ತಿತ್ತು. ಮಾಲಿಗೆ ಹೇಳಿ ಕತ್ತರಿಸಿಸಿದರು. ಚಿತ್ರ ಅದ್ಭುತವಾಗಿ ಬಂತು, ತಾಯಿ ಮರಿಯ ಬಾಯಿಗೆ ಹುಳ ಇಡ್ತಿರೋದು, ಹಿಂದೆ ತಿಳಿಹಸಿರು. ಮೂರನೆಯ ದಿನ ಬೆಳಿಗ್ಗೆ ಕಾಗೆ ಗೂಡನ್ನು ಹರಿದು ಮರಿಗಳನ್ನು ಎತ್ತಿಕೊಂಡು ಹೋಯಿತು. ತಾಯಿಹಕ್ಕಿ ಸಂಜೆಯವರೆಗೂ ಬಾಯಲ್ಲಿ ಹುಳ ಹಿಡಿದು ಆ ಜಾಗಕ್ಕೆ ಬಂದು ಹೋಗ್ತಿತ್ತು.

ಮರುವರ್ಷ ಅದೇ ಬಳ್ಳಿಯಲ್ಲಿ ಮತ್ತೆ ಗೂಡು. ಅದೇ ಕ್ಯಾಮೆರಾ, ಅದೇ ಮಾಲಿ, ಅದೇ ಕತ್ತರಿ. ಈ ಸಲ ಮೊದಲ ಮಹಡಿಯ ಅಜ್ಜಿ ಬಾಗಿಲಿಗೆ ಬಂದು ನಿಂತರು.

“ಏನಪ್ಪಾ, ಬಾಣಂತಿ ಕೋಣೆಗೆ ಪರದೆ ಯಾಕೆ ಕಟ್ತಾರೆ ಅಂತ ಗೊತ್ತಿಲ್ವಾ ನಿನಗೆ?”

“ಅಲ್ಲಮ್ಮಾ, ಒಂದೇ ಒಂದು ಕೊಂಬೆ...”

“ಒಂದೇ ಒಂದು ಪರದೆ ಇರೋದು ಅದಕ್ಕೆ.”

ಕತ್ತರಿ ವಾಪಸ್ ಹೋಯಿತು. ಎರಡು ವಾರದ ಮೇಲೆ ಮರಿಗಳು ಹಾರಿದವು. ಯಾರ ಹತ್ತಿರವೂ ಫೋಟೊ ಇಲ್ಲ.

ಅಜ್ಜಿಗೆ ಗೊತ್ತಿದ್ದದ್ದು ಕಾನೂನಿಗೂ ಗೊತ್ತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಅನ್ನೋ ಪದಕ್ಕೆ ಅರ್ಥ ಕೊಡುವಾಗ ಕೊಲ್ಲೋದು, ಹಿಡಿಯೋದರ ಜೊತೆಗೆ ಕಾಡುಹಕ್ಕಿಗಳ ಗೂಡು-ಮೊಟ್ಟೆಗೆ ತೊಂದರೆ ಮಾಡೋದನ್ನೂ ಸೇರಿಸಿದೆ. ಗೂಡಿನ ಚಿತ್ರಗಳನ್ನು ಈಗ ಅನೇಕ ಸ್ಪರ್ಧೆಗಳು, ಹಕ್ಕಿ ಗುಂಪುಗಳು ತೆಗೆದುಕೊಳ್ಳೋದಿಲ್ಲ. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಚಿತ್ರ ನೋಡಿದವರಿಗೆ ಏನು ಕತ್ತರಿಸಿದ್ದಾರೆ ಅಂತ ಗೊತ್ತಾಗಲ್ಲ. ಚೆನ್ನಾಗಿ ಕತ್ತರಿಸಿದಷ್ಟೂ ಗೊತ್ತಾಗಲ್ಲ.

ಕೊನೆಗೆ ಒಂದು ಪ್ರಯೋಗ ಹೇಳ್ತೀನಿ, ಖರ್ಚಿಲ್ಲದ್ದು. ನಿಮ್ಮ ಹಾರ್ಡ್‌ಡಿಸ್ಕಿನಲ್ಲಿ ಒಂದೇ ಬಾಲ್ಕನಿಯಿಂದ ತೆಗೆದ ಗೊರವಂಕದ ಫೋಟೊಗಳನ್ನು ವರ್ಷದ ಪ್ರಕಾರ ಜೋಡಿಸಿ. ಹಕ್ಕಿಯನ್ನು ಬಿಟ್ಟು ಹಿಂದೆ ನೋಡಿ. ನಮ್ಮ ಎದುರಿನ ಖಾಲಿ ಸೈಟಿನಲ್ಲಿ 2019ರಲ್ಲಿ ಗುಲ್‌ಮೊಹರ್ ಇತ್ತು. 2021ರ ಚಿತ್ರದಲ್ಲಿ ಸಾರುವೆಯ ನೀಲಗಿರಿ ಕಂಬಗಳು, ನೀಲಿ ಟಾರ್ಪಾಲು. ಅದರ ಮುಂದಿನ ವರ್ಷ ಟೈಲ್ಸಿನ ಗೋಡೆ. ಏಸಿ ಪೈಪಿಗೆ ಕೊರೆದು ಹಾಗೇ ಬಿಟ್ಟ ತೂತಿನೊಳಗೆ ಗೊರವಂಕದ ಗೂಡು. ಅದು ಒಗ್ಗಿಕೊಂಡಿತು. ಗುಲ್‌ಮೊಹರಿನ ಒಣಗಿದ ಕೊಂಬೆ ಕೊರೆದು ಮರಿ ಮಾಡ್ತಿದ್ದ ಕುಟ್ರ ಆ ಕಡೆ ಬರೋದನ್ನು ನಿಲ್ಲಿಸಿತು, ಈಗ ಅದರ ಕೂಗು ಮಾತ್ರ ಐಐಎಂ ಕಡೆಯಿಂದ ಕೇಳುತ್ತೆ. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಮೆಟ್ರೊ ಕಂಬ ಎದ್ದ ಮೇಲೆ ಇಂಥ ಮೊದಲು-ಆಮೇಲೆ ಚಿತ್ರಗಳು ಈ ಭಾಗದ ಎಲ್ಲರ ಫೋನಿನಲ್ಲೂ ಇರಬೇಕು. ಅಳಿಸದೆ, ಕ್ರಾಪ್ ಮಾಡದೆ ಒಂದು ಪ್ರತಿ ಇಟ್ಟುಕೊಂಡಿರಿ. ಫೈಲಿನ ಹೆಸರಲ್ಲಿ ಬೀದಿಯ ಹೆಸರು ಬರೆಯಿರಿ.

ನನ್ನ ಹತ್ತಿರವಿರುವ ಆ ಮರದ ಫೋಟೊಗಳಲ್ಲೆಲ್ಲ ಮರ ಕೆಂಪು-ಹಸಿರಿನ ಚಂದದ ಮಸುಕು, 63 ಮಿಲಿಮೀಟರಿನ ಬಿಲ್ಲೆಗಳು. ಅದು ಸ್ಪಷ್ಟವಾಗಿ ಉಳಿದಿರೋದು ಪಕ್ಕದ ಮನೆಯವರ ಫೋನಿನಲ್ಲಿ, ಮಗಳ ಮೂರನೇ ಹುಟ್ಟುಹಬ್ಬಕ್ಕೆ ಟೆರೇಸಿನಲ್ಲಿ ತೆಗೆದ ಒಂದು ಚಿತ್ರದಲ್ಲಿ. ಕೇಕು, ಬಲೂನು, ಟೋಪಿ ಹಾಕಿಕೊಂಡ ಹುಡುಗಿ. ಅವಳ ಎಡಭುಜದ ಮೇಲೆ, ಹಿಗ್ಗಿಸಿ ನೋಡಿದರೆ, ಒಣಕೊಂಬೆಯಲ್ಲಿ ಕುಟ್ರ ಕೊರೆದ ದುಂಡನೆಯ ತೂತೂ ಕಾಣುತ್ತೆ.